ಊರಿಗೊಂದು ಬಿಸಿಲು ಯೋಜನೆ: ಹವಾಮಾನ ಮತ್ತು ಆರೋಗ್ಯವನ್ನು ತಾಲ್ಲೂಕು ಮಟ್ಟದಲ್ಲಿ ಜೋಡಿಸುವುದು ಹೇಗೆ?

2010ರ ಮೇ ತಿಂಗಳಲ್ಲಿ ಅಹಮದಾಬಾದ್‌ನಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಆ ತಿಂಗಳ ಸಾವುಗಳನ್ನು 2009 ಮತ್ತು 2011ರ ಮೇ ತಿಂಗಳ ಸಾವುಗಳ ಜೊತೆ ಹೋಲಿಸಿದಾಗ 1,344 ಸಾವು ಜಾಸ್ತಿ ಆಗಿದ್ದು ಗೊತ್ತಾಯಿತು. ಇಷ್ಟೊಂದು ಜನ ಬಿಸಿಲಿಗೆ ಸಿಕ್ಕಿ ಹೋದರು ಎಂದು ಆ ಹೊತ್ತಿನಲ್ಲಿ ಯಾರಿಗೂ ಕಂಡಿರಲಿಲ್ಲ. ಲೆಕ್ಕ ಹಾಕಿ ನೋಡಿದ ಮೇಲೆ ಕಂಡಿತು.

2013ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಬಿಸಿಲಿಗೆಂದೇ ಒಂದು ಕ್ರಿಯಾ ಯೋಜನೆ ಮಾಡಿತು. ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಇನ್ನೂ ಕೆಲವು ಸಂಸ್ಥೆಗಳು ಜೊತೆಗಿದ್ದವು. ದಕ್ಷಿಣ ಏಷ್ಯಾದಲ್ಲಿ ಇಂಥ ಯೋಜನೆ ಅದೇ ಮೊದಲು. ಇದು ಜಾರಿಯಾದ ಮೇಲೆ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿರಬಹುದು ಎಂದು ಆಮೇಲಿನ ಅಧ್ಯಯನವೊಂದು ಅಂದಾಜು ಮಾಡಿತು. ದುಬಾರಿ ಯಂತ್ರ ಏನೂ ಇದರಲ್ಲಿರಲಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆ ಆರೋಗ್ಯ ಇಲಾಖೆಯ ಕೈಗೆ ಅದೇ ದಿನ ಸಿಗುವಂತೆ ಮಾಡಿದರು. ಅಲ್ಲಿಂದ ಆಸ್ಪತ್ರೆ, ಆಂಬುಲೆನ್ಸ್, ವಾರ್ಡ್‌ವರೆಗೆ ಯಾರು ಏನು ಮಾಡಬೇಕೆಂದು ಮೊದಲೇ ಬರೆದಿಟ್ಟರು.

ನಮ್ಮ ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರ, ಬಳ್ಳಾರಿ ಕಡೆ ಇದೇ ಕೆಲಸವನ್ನು ತಾಲ್ಲೂಕು ಮಟ್ಟದಲ್ಲಿ ಮಾಡಬಹುದು. ತಾಲ್ಲೂಕು ಆರೋಗ್ಯಾಧಿಕಾರಿ, ಪುರಸಭೆಯ ಮುಖ್ಯಾಧಿಕಾರಿ, ಪಿಡಿಒ, ಪಂಚಾಯಿತಿ ಸದಸ್ಯರು, ಊರಿನ ಸಂಘ-ಸಂಸ್ಥೆಯವರು, ಇವರಲ್ಲಿ ಯಾರು ಬೇಕಾದರೂ ಇದನ್ನು ಶುರು ಮಾಡಬಹುದು. ಆದರೆ ಶುರು ಮಾಡುವುದು ನವೆಂಬರ್‌ನಲ್ಲಿ. ಮಾರ್ಚ್‌ನಲ್ಲಿ ಬಿಸಿಲು ಏರಿದ ಮೇಲೆ ಸಭೆ ಕರೆದರೆ ಬರೀ ಸುತ್ತೋಲೆ ಹೊರಡುತ್ತದೆ, ಅಷ್ಟೇ.

1. ಮೊದಲು ಸಾವುಗಳನ್ನು ಲೆಕ್ಕ ಹಾಕಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಎಲ್ಲರೂ ಬಿಟ್ಟುಬಿಡುವ ಹೆಜ್ಜೆಯೂ ಇದೇ. ಬಹಳಷ್ಟು ಊರುಗಳ ಯೋಜನೆ ನೀರಿನ ಮಡಕೆ ಇಡುವುದರಿಂದ ಶುರುವಾಗುತ್ತದೆ. ಮಡಕೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಯಾವ ವಾರ, ಯಾವ ವಯಸ್ಸಿನವರು, ಯಾವ ಓಣಿಯಲ್ಲಿ ಸಾಯುತ್ತಿದ್ದಾರೆ ಅಂತ ಗೊತ್ತಿಲ್ಲದೆ ಇಟ್ಟ ಮಡಕೆ ಬಸ್ ನಿಲ್ದಾಣದ ಮುಂದೆ ಫೋಟೊಗೆ ಇರುತ್ತದೆ.

ಬಿಸಿಲಿನ ಸಾವು ಯಾಕೆ ಕಾಣುವುದಿಲ್ಲ? ಎಪ್ಪತ್ತು ವರ್ಷದ ಅಜ್ಜಿ ಮಧ್ಯಾಹ್ನ ತಗಡಿನ ಮನೆಯಲ್ಲಿ ಮಲಗಿದವರು ಸಂಜೆಗೆ ಏಳುವುದಿಲ್ಲ. ಮನೆಯವರು ‘ವಯಸ್ಸಾಗಿತ್ತು’ ಅನ್ನುತ್ತಾರೆ. ಆಸ್ಪತ್ರೆಗೆ ಒಯ್ದರೆ ‘ಹೃದಯಾಘಾತ’ ಎಂದು ಬರೆಯುತ್ತಾರೆ. ಅದು ಸುಳ್ಳಲ್ಲ, ಹೃದಯ ನಿಂತಿದ್ದು ನಿಜ. ಶಾಖ ಜಾಸ್ತಿಯಾದಾಗ ಮೈ ತಂಪು ಮಾಡಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ತಳ್ಳಬೇಕು. ಬೆವರಿನಲ್ಲಿ ನೀರು ಹೋಗಿ ರಕ್ತದೊತ್ತಡ ಇಳಿಯುತ್ತದೆ. ಮೊದಲೇ ದಣಿದ ಹೃದಯ, ಮೂತ್ರಪಿಂಡ ಅಲ್ಲಿ ಸೋಲುತ್ತವೆ. ಹಾಗಾಗಿ ‘ಬಿಸಿಲಿನಿಂದ ಸತ್ತವರು’ ಎಂಬ ಕಾಲಂ ಹುಡುಕಬೇಡಿ. ಎಲ್ಲ ಕಾರಣಗಳ ಸಾವನ್ನೂ ಒಟ್ಟಿಗೆ ತೆಗೆದುಕೊಳ್ಳಿ.

ಮಾಡುವುದು ಹೀಗೆ. ಜನನ-ಮರಣ ನೋಂದಣಿಯಿಂದ ಕಳೆದ ಐದು ವರ್ಷಗಳ ಮಾರ್ಚ್‌ನಿಂದ ಜೂನ್‌ವರೆಗಿನ ಮರಣಗಳ ದಿನವಾರು ಪಟ್ಟಿ ಕೇಳಿ. ಹೆಸರು ಬೇಡ. ತಾರೀಕು, ವಯಸ್ಸು, ಗಂಡು-ಹೆಣ್ಣು, ಊರು ಇದ್ದರೆ ಸಾಕು. ನೋಂದಣಿಯಾದ ದಿನ ಬೇರೆ, ಸತ್ತ ದಿನ ಬೇರೆ. ನಿಮಗೆ ಬೇಕಿರುವುದು ಸತ್ತ ದಿನ. ಕೊರೊನಾ ಇದ್ದ 2020 ಮತ್ತು 2021ನ್ನು ಬದಿಗಿಟ್ಟು ಬೇರೆ ವರ್ಷ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಲೆಕ್ಕವೇ ಕೆಡುತ್ತದೆ. ಪಕ್ಕದ ಕಾಲಂನಲ್ಲಿ ಅದೇ ದಿನಗಳ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ ಬರೆಯಿರಿ. ಕರ್ನಾಟಕದಲ್ಲಿ ಇದಕ್ಕೊಂದು ಅನುಕೂಲ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಅಳೆಯುವ ಉಪಕರಣ ಇಟ್ಟಿದೆ. ಇಷ್ಟು ಹತ್ತಿರದ ಅಳತೆ ಎಲ್ಲ ರಾಜ್ಯಗಳಲ್ಲೂ ಸಿಗುವುದಿಲ್ಲ.

ಈಗ ಒಂದು ಎಚ್ಚರಿಕೆ. ಮೂರು ಲಕ್ಷ ಜನ ಇರುವ ತಾಲ್ಲೂಕಿನಲ್ಲಿ ಸಾವಿರಕ್ಕೆ ಆರೇಳು ಸಾವಿನ ಲೆಕ್ಕದಲ್ಲಿ ದಿನಕ್ಕೆ ಐದಾರು ಸಾವು ಬರುತ್ತವೆ. ಇವತ್ತು ನಾಲ್ಕು, ನಾಳೆ ಎಂಟು ಆದರೆ ಅದರಿಂದ ಏನೂ ಹೇಳಲು ಬರುವುದಿಲ್ಲ. ಅದಕ್ಕೇ ಸಾವಿನ ಲೆಕ್ಕವನ್ನು ಇಡೀ ಜಿಲ್ಲೆಗೆ ಹಾಕಬೇಕು. ಇಪ್ಪತ್ತೈದು ಲಕ್ಷ ಜನರ ಜಿಲ್ಲೆಯಲ್ಲಿ ದಿನಕ್ಕೆ ನಲವತ್ತರ ಮೇಲೆ ಸಾವಿರುತ್ತದೆ, ಏರಿಳಿತ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಮಾತು: ಬಿಸಿಲು ಏರಿದ ದಿನವನ್ನು ಮಾತ್ರ ನೋಡಬೇಡಿ, ಅದರ ಮುಂದಿನ ಎರಡು ಮೂರು ದಿನವನ್ನೂ ನೋಡಿ. ದೇಹ ಸೋಲುವುದಕ್ಕೆ ಸಮಯ ತೆಗೆದುಕೊಳ್ಳುತ್ತದೆ.

ಈ ಕೆಲಸಕ್ಕೆ ದೊಡ್ಡ ಸಂಖ್ಯಾಶಾಸ್ತ್ರಜ್ಞರು ಬೇಕಿಲ್ಲ. ಹತ್ತಿರದ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗಕ್ಕೆ ಹೋಗಿ ಕೇಳಿ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರಬಂಧಕ್ಕೆ ವಿಷಯ ಬೇಕಿರುತ್ತದೆ.

2. ಎಚ್ಚರಿಕೆಯ ಗೆರೆ ಎಲ್ಲಿ ಎಳೆಯಬೇಕು?

ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಇದ್ದು, ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಅದು ಬಿಸಿಗಾಳಿ. ವಾಡಿಕೆ ಏನೇ ಇರಲಿ, 45 ಮುಟ್ಟಿದರೂ ಬಿಸಿಗಾಳಿಯೇ. ಕರಾವಳಿಯಲ್ಲಿ ಆ 40ರ ಬದಲು 37 ಡಿಗ್ರಿ.

ಈ ಅಳತೆ ಹವಾಮಾನವನ್ನು ಹೇಳುತ್ತದೆ. ನಿಮ್ಮ ಊರಿನ ಜನರ ದೇಹ ಎಲ್ಲಿ ಸೋಲುತ್ತದೆ ಎಂದು ಹೇಳುವುದಿಲ್ಲ. ರಾಯಚೂರಿನಲ್ಲಿ ಮೇ ತಿಂಗಳಿಗೆ 40 ಡಿಗ್ರಿಯ ಆಸುಪಾಸು ವಾಡಿಕೆಯೇ ಆಗಿರುವಾಗ ‘ವಾಡಿಕೆಗಿಂತ 4.5 ಜಾಸ್ತಿ’ ಆಗುವವರೆಗೆ ಕಾಯುವುದು ಸರಿಯಾ? ಅಹಮದಾಬಾದ್‌ನವರು ತಮ್ಮದೇ ಸಾವಿನ ಲೆಕ್ಕ ನೋಡಿ 41 ದಾಟಿದರೆ ಹಳದಿ, 43 ದಾಟಿದರೆ ಕಿತ್ತಳೆ, 45ಕ್ಕೆ ಕೆಂಪು ಎಂದು ತಾವೇ ಗೆರೆ ಎಳೆದುಕೊಂಡರು. ಹೀಗೆ ಮಾಡಿದವರು ಕಡಿಮೆ. ದೆಹಲಿಯ ನೀತಿ ಸಂಶೋಧನಾ ಕೇಂದ್ರದವರು 2023ರಲ್ಲಿ ದೇಶದ 37 ಬಿಸಿಲು ಯೋಜನೆಗಳನ್ನು ಓದಿ ನೋಡಿದಾಗ, ಸ್ಥಳೀಯ ಗೆರೆ ಇದ್ದದ್ದು 10ರಲ್ಲಿ ಮಾತ್ರ.

ನಿಮ್ಮ ಪಟ್ಟಿಯಲ್ಲಿ ಸಾವು ಯಾವ ಉಷ್ಣಾಂಶದಿಂದ ಏರಲು ಶುರುವಾಗುತ್ತದೋ ಅದೇ ನಿಮ್ಮ ಹಳದಿ ಗೆರೆ. ರಾತ್ರಿಯ ಉಷ್ಣಾಂಶವನ್ನು ಮರೆಯಬೇಡಿ. ಹಗಲು 42 ಇದ್ದು ರಾತ್ರಿ 24ಕ್ಕೆ ಇಳಿದರೆ ದೇಹಕ್ಕೆ ಬಿಡುವು ಸಿಗುತ್ತದೆ. ರಾತ್ರಿಯೂ 30ರ ಸುತ್ತ ನಿಂತರೆ ಆ ಬಿಡುವು ಇಲ್ಲ. ಮಂಗಳೂರು, ಕಾರವಾರದ ಕಡೆಯವರಿಗೆ ಉಷ್ಣಾಂಶಕ್ಕಿಂತ ತೇವ ಮುಖ್ಯ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣ್ಣಗಾಗುವುದಿಲ್ಲ.

3. ಯಾರ ಮನೆ ಬಾಗಿಲು ತಟ್ಟಬೇಕು?

ಆ 37 ಯೋಜನೆಗಳಲ್ಲಿ ಯಾರಿಗೆ ಅಪಾಯ ಜಾಸ್ತಿ ಎಂದು ನಿಜವಾಗಿ ಸಮೀಕ್ಷೆ ಮಾಡಿ ತೋರಿಸಿದ್ದು ಎರಡು ಮಾತ್ರ. ಉಳಿದವುಗಳಲ್ಲಿ ‘ವೃದ್ಧರು, ಮಕ್ಕಳು, ಗರ್ಭಿಣಿಯರು’ ಎಂದು ಒಂದು ಸಾಲು ಬರೆದು ಬಿಟ್ಟಿರುತ್ತಾರೆ. ಆ ಸಾಲಿಗೆ ವಿಳಾಸ ಬೇಕು.

ವಿಳಾಸ ಗೊತ್ತಿರುವವರು ಆಶಾ ಕಾರ್ಯಕರ್ತೆಯರು. ಒಬ್ಬೊಬ್ಬರು ಸುಮಾರು ಸಾವಿರ ಜನರನ್ನು ನೋಡಿಕೊಳ್ಳುತ್ತಾರೆ, ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ಬಾಯಿಪಾಠ ಹೇಳುತ್ತಾರೆ. ಜನವರಿಯಲ್ಲಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಅರ್ಧ ದಿನ ಅವರನ್ನು ಕೂರಿಸಿ ಪಟ್ಟಿ ಮಾಡಿ. ಒಂಟಿಯಾಗಿರುವ ವೃದ್ಧರು. ಹಾಸಿಗೆ ಹಿಡಿದವರು. ಡಯಾಲಿಸಿಸ್‌ಗೆ ಹೋಗುವವರು. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಮಾನಸಿಕ ಕಾಯಿಲೆಗೆ ಔಷಧಿ ನುಂಗುವವರು (ಕೆಲವು ಔಷಧಿಗಳು ಬೆವರುವುದನ್ನೇ ಕಡಿಮೆ ಮಾಡುತ್ತವೆ). ತುಂಬು ಗರ್ಭಿಣಿಯರು, ಹಸುಗೂಸುಗಳು. ತಗಡಿನ ಸೂರಿನಡಿ ಇರುವ ಮನೆಗಳಿಗೆ ಬೇರೆ ಗುರುತು ಹಾಕಿ. ಔಷಧಿ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು: ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಬೇಸಿಗೆಗೆ ಮುಂಚೆ ಒಮ್ಮೆ ವೈದ್ಯರ ಹತ್ತಿರ ಪ್ರಮಾಣ ನೋಡಿಸಿಕೊಳ್ಳಬೇಕು.

ಎರಡನೇ ಪಟ್ಟಿ ದುಡಿಯುವವರದು. ಇಟ್ಟಂಗಿ ಭಟ್ಟಿ, ಕಲ್ಲು ಗಣಿ, ಎಪಿಎಂಸಿ ಹಮಾಲರು, ಕಟ್ಟಡ ಕಾರ್ಮಿಕರು, ಪೌರಕಾರ್ಮಿಕರು, ಮೆಣಸಿನಕಾಯಿ ಬಿಡಿಸುವವರು, ರಸ್ತೆ ಡಾಂಬರು ಹಾಕುವವರು. ಇವರಲ್ಲಿ ಬಹಳ ಜನ ಬೇರೆ ಊರಿನವರು. ಆಶಾ ಪಟ್ಟಿಯಲ್ಲೂ ಇರುವುದಿಲ್ಲ, ಪಡಿತರ ಪಟ್ಟಿಯಲ್ಲೂ ಇರುವುದಿಲ್ಲ. ಕಾರ್ಮಿಕ ಇಲಾಖೆಯವರನ್ನೂ ಗುತ್ತಿಗೆದಾರರನ್ನೂ ಕರೆದು ಕೂರಿಸಿಯೇ ಇದನ್ನು ಮಾಡಬೇಕು.

ಹೆಂಗಸರ ವಿಷಯ ಒಂದಿದೆ, ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲದಿದ್ದರೆ ಅವರು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ‘ಜಾಸ್ತಿ ನೀರು ಕುಡಿಯಿರಿ’ ಎಂದು ಅವರ ಮುಂದೆ ಎಷ್ಟು ಸಲ ಹೇಳಿದರೂ ಉಪಯೋಗವಿಲ್ಲ. ಹೊಲದ ಬದಿಗೋ ಕಾಮಗಾರಿ ಪಕ್ಕಕ್ಕೋ ಒಂದು ತಾತ್ಕಾಲಿಕ ಶೌಚಾಲಯ ಹಾಕಿಸುವುದು ಓಆರ್‌ಎಸ್ ಹಂಚುವುದಕ್ಕಿಂತ ಮುಂಚಿನ ಕೆಲಸ. ನನ್ನ ಮಟ್ಟಿಗೆ ಯೋಜನೆ ನಿಜವಾದದ್ದೋ ಕಾಗದದ್ದೋ ಎಂದು ತಿಳಿಯಲು ಇದೊಂದು ಸಾಲು ಅದರಲ್ಲಿದೆಯಾ ಎಂದು ನೋಡಿದರೆ ಸಾಕು.

4. ಫೋನ್ ಸರಪಳಿ

ಒಂದೇ ಪುಟ ಸಾಕು. ಕಿತ್ತಳೆ ಎಚ್ಚರಿಕೆ ಬಂದ ತಕ್ಷಣ ಯಾರು ಯಾರಿಗೆ ಫೋನ್ ಮಾಡುತ್ತಾರೆ, ಅವರು ಸಿಗದಿದ್ದರೆ ಇನ್ಯಾರಿಗೆ, ಎಷ್ಟು ಹೊತ್ತಿನೊಳಗೆ. ಹುದ್ದೆಯ ಜೊತೆ ಹೆಸರು, ನಂಬರ್ ಎರಡೂ ಇರಲಿ. ಜವಾಬ್ದಾರಿ ಒಬ್ಬರದ್ದೇ ಆಗಿರಲಿ. ತಾಲ್ಲೂಕಿನಲ್ಲಿ ಅದು ಆರೋಗ್ಯಾಧಿಕಾರಿಗೆ ಸರಿಹೊಂದುತ್ತದೆ, ತಹಶೀಲ್ದಾರರ ಆದೇಶ ಬೆನ್ನಿಗಿರಬೇಕು.

ಜನರಿಗೆ ಹೋಗುವ ಮಾತು ಜನರ ಮಾತಿನಲ್ಲೇ ಇರಲಿ. ‘ಉಷ್ಣ ಅಲೆಯ ಹಿನ್ನೆಲೆಯಲ್ಲಿ ಸಾರ್ವಜನಿಕರು ಮುನ್ನೆಚ್ಚರಿಕೆ ವಹಿಸತಕ್ಕದ್ದು’ ಅಂದರೆ ಯಾರೂ ಏನೂ ಮಾಡುವುದಿಲ್ಲ. ಹೀಗೆ ಹೇಳಿ ನೋಡಿ: ‘ನಾಳೆ, ನಾಡಿದ್ದು ಬಿಸಿಲು 43 ದಾಟುತ್ತೆ. ಮಧ್ಯಾಹ್ನ 12ರಿಂದ 4ರವರೆಗೆ ಹೊಲಕ್ಕೆ ಹೋಗಬೇಡಿ. ಮನೆಯಲ್ಲಿರೋ ಅಜ್ಜ-ಅಜ್ಜಿಗೆ ಗಂಟೆಗೊಮ್ಮೆ ನೀರೋ ಮಜ್ಜಿಗೆಯೋ ಕೊಡಿ. ಯಾರಾದರೂ ತಡವರಿಸಿ ಮಾತಾಡಿದರೆ, ಮೈ ಕೆಂಡದಂತೆ ಸುಟ್ಟರೆ ತಣ್ಣೀರು ಸುರಿದು 108ಕ್ಕೆ ಫೋನ್ ಮಾಡಿ.’ ಕಸದ ಗಾಡಿಯ ಮೈಕು, ಗುಡಿ-ಮಸೀದಿಯ ಮೈಕು, ಡಂಗುರ, ವಾಟ್ಸಾಪ್, ಎಲ್ಲ ಕಡೆ ಇದೇ ಮಾತು ಹೋಗಲಿ. ಬೀದರ್, ಕಲಬುರಗಿ ಕಡೆ ಉರ್ದುವಿನಲ್ಲೂ ಗಡಿಭಾಗದಲ್ಲಿ ತೆಲುಗು, ಮರಾಠಿಯಲ್ಲೂ ಹೇಳಿ. ಭಟ್ಟಿಗಳಲ್ಲಿ ಹಿಂದಿ, ಒಡಿಯಾ ಬೇಕಾಗಬಹುದು.

5. ಪಿಎಚ್‌ಸಿಯನ್ನು ಸಜ್ಜು ಮಾಡುವುದು

ಹೀಟ್ ಸ್ಟ್ರೋಕ್ ಎಂದರೆ ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿ, ಮಿದುಳು ಎಡವುವುದು. ಗೊಂದಲ, ಅಸಂಬದ್ಧ ಮಾತು, ಫಿಟ್ಸ್, ಪ್ರಜ್ಞೆ ತಪ್ಪುವುದು ಇದರ ಲಕ್ಷಣ. ಬೆವರು ನಿಂತಿರಲೇಬೇಕು ಎಂದೇನಿಲ್ಲ. ಕೆಲಸ ಮಾಡುತ್ತಲೇ ಕುಸಿದವರ ಮೈ ಪೂರ್ತಿ ಒದ್ದೆಯಾಗಿರಬಹುದು.

ಇಲ್ಲಿ ನಿಯಮ ಒಂದೇ: ಮೊದಲು ತಂಪು, ಆಮೇಲೆ ಪ್ರಯಾಣ. ಅರ್ಧ ಗಂಟೆಯೊಳಗೆ ಉಷ್ಣಾಂಶವನ್ನು 39ರ ಕೆಳಗೆ ಇಳಿಸಬೇಕು. ಜಿಲ್ಲಾಸ್ಪತ್ರೆಗೆ ಒಂದೂವರೆ ಗಂಟೆ ದಾರಿ ಇರುವಾಗ ರೋಗಿಯನ್ನು ಹಾಗೇ ಆಂಬುಲೆನ್ಸ್‌ಗೆ ಹಾಕಿ ಕಳಿಸಿದರೆ ಮಿದುಳು, ಮೂತ್ರಪಿಂಡ, ಯಕೃತ್ತು ದಾರಿಯಲ್ಲೇ ಬೇಯುತ್ತವೆ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಇದು ಸೋಂಕಿನ ಜ್ವರ ಅಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ತಂಪು ಮಾಡಲು ದೊಡ್ಡ ಸಲಕರಣೆ ಬೇಕಿಲ್ಲ. ಕೆಲಸದಲ್ಲಿ ಕುಸಿದ ಗಟ್ಟಿಮುಟ್ಟಾದ ಆಳಾದರೆ ತಾಡಪಾಲಿನ ಮೇಲೆ ಮಲಗಿಸಿ. ನಾಲ್ಕು ಮೂಲೆ ಎತ್ತಿ ಹಿಡಿದು ಒಳಗೆ ನೀರು, ಐಸು ಸುರಿದು ಮೆಲ್ಲಗೆ ಆಚೀಚೆ ತೂಗಿ. ತಲೆ ಮೇಲಿರಲಿ. ವಯಸ್ಸಾದವರಾದರೆ ಒದ್ದೆ ಬಟ್ಟೆ ಹೊದಿಸಿ, ನೀರು ಚಿಮುಕಿಸುತ್ತ ಜೋರಾಗಿ ಫ್ಯಾನ್ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸು ಇಡಿ. ಕಂಕುಳಿನಲ್ಲಿ ಇಟ್ಟ ಥರ್ಮಾಮೀಟರ್ ಕಡಿಮೆ ತೋರಿಸುತ್ತದೆ. ಗುದದ್ವಾರದ ಅಳತೆಯೇ ಸರಿ, ಅದಕ್ಕೆ ಬೇಕಾದ ಥರ್ಮಾಮೀಟರ್ ಮೊದಲೇ ತರಿಸಿಡಿ.

ಫೆಬ್ರುವರಿ ಮುಗಿಯುವ ಮೊದಲು ಎಲ್ಲ ವೈದ್ಯರು, ನರ್ಸ್‌ಗಳು, 108 ಸಿಬ್ಬಂದಿ ಒಮ್ಮೆ ಇದನ್ನು ಕೈಯಾರೆ ಮಾಡಿ ನೋಡಬೇಕು. ಐಸು ಎಲ್ಲಿಂದ ಬರುತ್ತದೆ ಎಂದು ಬರೆದಿಡಿ. ಊರಿನ ಐಸ್ ಫ್ಯಾಕ್ಟರಿಯೋ ಕೂಲ್‌ಡ್ರಿಂಕ್ಸ್ ಅಂಗಡಿಯೋ, ಅವರ ಜೊತೆ ಮೊದಲೇ ಮಾತಾಡಿ. ಎರಡು ಹಾಸಿಗೆಯ ತಣ್ಣನೆ ಕೋಣೆ ಮೀಸಲಿಡಿ. ಬಿಸಿಲು ಜಾಸ್ತಿಯಾದ ದಿನವೇ ಕರೆಂಟೂ ಹೋಗುತ್ತದೆ ಅಲ್ವಾ, ಅದಕ್ಕೆ ಪಿಎಚ್‌ಸಿಗೆ ಸೋಲಾರ್ ಮತ್ತು ಬ್ಯಾಟರಿ ಬೇಕೇ ಬೇಕು. ಕರ್ನಾಟಕದಲ್ಲಿ ಸೆಲ್ಕೋ ಫೌಂಡೇಶನ್ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಹಾಕಿಸುವ ಕೆಲಸ ಮಾಡುತ್ತಿದೆ. ನಿಮ್ಮ ಕೇಂದ್ರ ಆ ಪಟ್ಟಿಯಲ್ಲಿದೆಯಾ ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಬಂದ ಪ್ರತಿ ಪ್ರಕರಣವನ್ನೂ ಕೇಂದ್ರ ಆರೋಗ್ಯ ಇಲಾಖೆಯ ಪೋರ್ಟಲ್‌ಗೆ ಅಂದೇ ಹಾಕಿ. ಸಂಖ್ಯೆ ಜಾಸ್ತಿಯಾದರೆ ಹೆಸರು ಕೆಡುತ್ತದೆ ಎಂದು ಕೆಲವರು ಹೆದರುತ್ತಾರೆ. ಹೆಚ್ಚು ಪ್ರಕರಣ ಗುರುತಿಸಿದ ಕೇಂದ್ರ ಚೆನ್ನಾಗಿ ಕೆಲಸ ಮಾಡಿದೆ ಎಂದು ಮೇಲಿನವರು ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು.

6. ಕೆಲಸದ ಹೊತ್ತು, ಜಾತ್ರೆ, ಸಮಾವೇಶ

ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತದೆ. ಒಳ್ಳೆಯ ಪದ್ಧತಿ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಗುವ ಈ ಅನುಕೂಲ ಬಿಸಿಲಲ್ಲಿ ಇಟ್ಟಂಗಿ ಹೊರುವವರಿಗೂ ಸಿಗಬೇಕು. ಸರ್ಕಾರಿ ಕಾಮಗಾರಿಯ ಟೆಂಡರ್‌ನಲ್ಲೇ ಈ ಷರತ್ತು ಹಾಕಿ: ಕಿತ್ತಳೆ ದಿನಗಳಲ್ಲಿ ಮಧ್ಯಾಹ್ನ ಕೆಲಸ ಇಲ್ಲ, ನೆರಳು-ನೀರು-ಶೌಚಾಲಯ ಗುತ್ತಿಗೆದಾರರ ಹೊಣೆ, ಇದಕ್ಕಾಗಿ ಕೂಲಿ ಕಡಿತ ಇಲ್ಲ. ಕೂಲಿ ಹೋಗುತ್ತದೆ ಎಂದಾದರೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಗುಜರಾತಿನ ‘ಸೇವಾ’ ಸಂಘಟನೆ ಅಸಂಘಟಿತ ಮಹಿಳಾ ಕಾರ್ಮಿಕರಿಗೆ ಬಿಸಿಲಿನ ವಿಮೆ ಮಾಡಿಸಿದ್ದು ಇದೇ ಕಾರಣಕ್ಕೆ. ಉಷ್ಣಾಂಶ ನಿಗದಿಯಾದ ಗೆರೆ ದಾಟಿದರೆ ಹಣ ಖಾತೆಗೆ ಬರುತ್ತದೆ.

2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಬಯಲಲ್ಲಿ ನಡೆದ ಸರ್ಕಾರಿ ಪ್ರಶಸ್ತಿ ಸಮಾರಂಭಕ್ಕೆ ಬಂದಿದ್ದವರಲ್ಲಿ 14 ಜನ ಬಿಸಿಲಿನಿಂದ ಸತ್ತರು. ನಮ್ಮ ಕಡೆ ಜಾತ್ರೆ, ಉರುಸು, ಸಾಮೂಹಿಕ ಮದುವೆ ಎಲ್ಲ ಇದೇ ತಿಂಗಳುಗಳಲ್ಲಿ ಬರುತ್ತವೆ. ಅನುಮತಿ ಪತ್ರದಲ್ಲೇ ನೆರಳು, ನೀರು, ಐಸು, ಒಂದು ಆಂಬುಲೆನ್ಸ್ ಬರೆಸಿ. ಕೆಂಪು ಎಚ್ಚರಿಕೆ ಇದ್ದರೆ ಕಾರ್ಯಕ್ರಮ ಸಂಜೆಗೆ. ಅರವಟ್ಟಿಗೆ ಇಡುವ ಹಳೆಯ ರೂಢಿ ನಮ್ಮಲ್ಲಿ ಇನ್ನೂ ಜೀವಂತ ಇದೆ. ಇಡುವವರ ಕೈಗೆ ಮೂರನೇ ಹೆಜ್ಜೆಯ ಪಟ್ಟಿ ಕೊಟ್ಟರೆ ಮಡಕೆ ಇಟ್ಟಂಗಿ ಭಟ್ಟಿಯ ಹತ್ತಿರವೂ ಹೋಗುತ್ತದೆ.

7. ಸೂರು, ಮರ, ವಿದ್ಯುತ್

ಇಲ್ಲಿಯವರೆಗಿನದ್ದು ಈ ಬೇಸಿಗೆ ದಾಟುವ ಕೆಲಸ. ಮುಂದಿನ ಬೇಸಿಗೆಗಳಿಗೆ ಊರನ್ನೇ ತಂಪು ಮಾಡಬೇಕು. ಎಲ್ಲರೂ ಎ.ಸಿ. ಹಾಕಿಸಿಕೊಂಡರೆ ಒಳಗಿನ ಶಾಖ ಓಣಿಗೆ ಬರುತ್ತದೆ, ಕರೆಂಟಿಗೆ ಇನ್ನಷ್ಟು ಕಲ್ಲಿದ್ದಲು ಸುಡಬೇಕಾಗುತ್ತದೆ. ಶಕ್ತಿನಗರದ 1,720 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಇರುವುದು ರಾಯಚೂರಿನಲ್ಲೇ. ಬಿಸಿಲೂ ಹೊಗೆಯೂ ಅದೇ ಜನರ ಪಾಲಿಗೆ.

ಅಗ್ಗದ ದಾರಿ ಬಿಳಿ ಸೂರು. ಸುಣ್ಣವನ್ನೋ ಬಿಸಿಲು ಹಿಂದಕ್ಕೆ ಕಳಿಸುವ ಬಿಳಿ ಬಣ್ಣವನ್ನೋ ಹಚ್ಚಿದರೆ ಒಳಗಿನ ಉಷ್ಣಾಂಶ ಎರಡರಿಂದ ಐದು ಡಿಗ್ರಿ ಇಳಿಯಬಹುದು. ಸುಣ್ಣವನ್ನು ಪ್ರತಿ ವರ್ಷ ಹಚ್ಚಬೇಕು, ಅಂಟು ಬೆರೆಸಿದರೆ ಮಳೆಗೆ ಸ್ವಲ್ಪ ತಾಳುತ್ತದೆ. ತೆಲಂಗಾಣ 2023ರಲ್ಲಿ ತಂಪು ಸೂರಿನ ನೀತಿಯನ್ನೇ ತಂದು, ಹೊಸ ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ ಮಾಡಿತು. ನೀವು ಅಂಗನವಾಡಿ, ಶಾಲೆ, ಪಿಎಚ್‌ಸಿ, ಆಮೇಲೆ ತಗಡಿನ ಮನೆಗಳು, ಈ ಕ್ರಮದಲ್ಲಿ ಹೋಗಿ. ಬೇವು, ಹೊಂಗೆ ನೆಡುವುದಾದರೆ ಬಸ್ ನಿಲ್ದಾಣ, ಸಂತೆ ಮೈದಾನ, ಶಾಲೆಗೆ ನಡೆದು ಹೋಗುವ ದಾರಿ ಮೊದಲು. ನೆಟ್ಟದ್ದಕ್ಕೆ ಮೂರು ಬೇಸಿಗೆ ನೀರು ಹಾಕುವವರ ಹೆಸರೂ ಇರಲಿ.

8. ಹಣ

ಆ 37 ಯೋಜನೆಗಳಲ್ಲಿ ಹಣ ಎಲ್ಲಿಂದ ಎಂದು ಹೇಳಿದ್ದು ಮೂರು ಮಾತ್ರ. ಉಳಿದವು ಜಾರಿಯಾಗದೆ ಉಳಿದರೆ ಬೇರೆ ಕಾರಣ ಹುಡುಕಬೇಕಿಲ್ಲ.

ಕೇಂದ್ರ ಸರ್ಕಾರ 2019ರಲ್ಲಿ ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಅದರಡಿ ಪ್ರತಿ ಜಿಲ್ಲೆಗೂ ಒಬ್ಬ ನೋಡಲ್ ಅಧಿಕಾರಿ, ಒಂದು ಕಾರ್ಯಪಡೆ ಇರಬೇಕು. ನಿಮ್ಮ ಜಿಲ್ಲೆಯಲ್ಲಿ ಅವರು ಯಾರು ಎಂದು ಕೇಳುವುದರಿಂದಲೇ ಕೆಲಸ ಶುರುವಾಗುತ್ತದೆ. ತರಬೇತಿ, ಪ್ರಚಾರದ ಖರ್ಚು ಇಲ್ಲಿಂದ ಬರಬಹುದು. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಶೇ 10ರವರೆಗೆ ರಾಜ್ಯವೇ ಗುರುತಿಸಿದ ವಿಪತ್ತುಗಳಿಗೆ ಬಳಸುವ ಅವಕಾಶವನ್ನು 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಕೊಡಲಾಗಿತ್ತು. ಈಗಿನ ನಿಯಮವನ್ನು ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ಶಾಖೆಯಲ್ಲಿ ನೋಡಿ. ಸೂರಿಗೆ ಸುಣ್ಣ, ನೀರು, ಶೌಚಾಲಯವನ್ನು ಗ್ರಾಮಸಭೆಯಲ್ಲಿ ಎತ್ತಿ ಪಂಚಾಯಿತಿ ಕ್ರಿಯಾ ಯೋಜನೆಗೆ ಸೇರಿಸಿ. ಸಿಮೆಂಟ್ ಕಾರ್ಖಾನೆ ಇರುವ ತಾಲ್ಲೂಕಾದರೆ ಅವರ ಸಾಮಾಜಿಕ ಹೊಣೆಗಾರಿಕೆ ನಿಧಿಗೂ ಅರ್ಜಿ ಹಾಕಿ.

9. ಜೂನ್‌ನಲ್ಲಿ ಲೆಕ್ಕ ನೋಡುವುದು

ಮೊದಲ ಮಳೆ ಬಿದ್ದ ಮೇಲೆ ಬಿಸಿಲಿನ ಮಾತು ಎಲ್ಲರಿಗೂ ಮರೆತುಹೋಗುತ್ತದೆ. ವರ್ಗಾವಣೆಯೂ ಅದೇ ಹೊತ್ತಿಗೆ ಬರುತ್ತದೆ. ಅದಕ್ಕೆ ಜೂನ್ ಕೊನೆಯೊಳಗೆ ಸಭೆ ಕರೆಯಿರಿ. ಎಷ್ಟು ಎಚ್ಚರಿಕೆ ಬಂದವು, ಎಷ್ಟು ಫೋನ್ ಹೋದವು, ಐಸು ಸಿಕ್ಕಿತಾ, ಯಾವ ಭಟ್ಟಿಯವರು ಮಾತು ಕೇಳಲಿಲ್ಲ. ಆಶಾ ಕಾರ್ಯಕರ್ತೆಯರು ಮೊದಲು ಮಾತಾಡಲಿ, ಅಧಿಕಾರಿಗಳು ಕೊನೆಗೆ. ನಡಾವಳಿಯ ಪ್ರತಿ ಹೊಸದಾಗಿ ಬರುವ ಅಧಿಕಾರಿಯ ಮೇಜಿಗೂ ಪಂಚಾಯಿತಿ ಕಚೇರಿಗೂ ಹೋಗಲಿ.

ಈ ತಂಡವನ್ನು ಸಭೆ ಮುಗಿದ ಮೇಲೆ ಬಿಡಬೇಡಿ. ಮಳೆ ಬಂದರೆ ಡೆಂಗಿ ಬರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ಎಂದೇ ಘೋಷಿಸಬೇಕಾಯಿತು. ಉಷ್ಣಾಂಶ ಬರೆದ ಕಾಲಂನಲ್ಲಿ ಈಗ ಮಳೆಯ ಮಿಲಿಮೀಟರ್ ಬರೆಯಿರಿ, ಸಾವಿನ ಕಾಲಂನಲ್ಲಿ ಜ್ವರದ ಪ್ರಕರಣ. ಮಳೆ ಬಿದ್ದ ಎಷ್ಟು ವಾರಕ್ಕೆ ನಿಮ್ಮ ಊರಲ್ಲಿ ಜ್ವರ ಏರುತ್ತದೆ ಎಂದು ಕಂಡುಕೊಂಡರೆ, ಸೊಳ್ಳೆ ಮರಿಗಳ (ಲಾರ್ವಾ) ಸಮೀಕ್ಷೆ ಯಾವ ವಾರ ಮಾಡಬೇಕೆಂದು ಮೇಲಿನ ಆದೇಶಕ್ಕೆ ಕಾಯಬೇಕಾಗಿಲ್ಲ.